ಕಿಲೋಮೀಟರ್ ಒಂದು ಹೇಳಿದರೆ ತಾಸು ಇನ್ನೊಂದು ಹೇಳುತ್ತದೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ದೂರದೇಶಗಳಲ್ಲಿದ್ದಾರೆ. ಅವರು ವಿಮಾನ ಹತ್ತಿದ ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಲೆಕ್ಕ ತಪ್ಪಿದರೆ ಆ ಆತಂಕ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಈ ಮಾತುಗಳು.

ತಪ್ಪು ಕಲ್ಪನೆ: ದೂರವನ್ನು ವಿಮಾನದ ವೇಗವೆನ್ನುವ 900ರಿಂದ ಭಾಗಿಸಿದರೆ ಪ್ರಯಾಣದ ಹೊತ್ತು ಸಿಗುತ್ತದೆ.

ವಾಸ್ತವ: ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 445 ಕಿ.ಮೀ. ಆ ಲೆಕ್ಕಕ್ಕೆ ಅರ್ಧ ತಾಸು ಸಾಕು; ಟಿಕೆಟ್ಟಿನಲ್ಲಿ ಮಾತ್ರ ತಾಸಿನ ಮೇಲೆಯೇ ಇರುತ್ತದೆ. ವಿಮಾನ ನಿಂತಲ್ಲಿಂದ ಅಲುಗಿದ್ದೇ ಆ ಹೊತ್ತು ಶುರು. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಎಲ್ಲ ಅದರಲ್ಲೇ ಸೇರಿರುತ್ತದೆ. ಮೇಲಾಗಿ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನದ ವೇಗವೇ ತಾಸಿಗೆ ಸುಮಾರು 500 ಕಿ.ಮೀ.

ತಪ್ಪು ಕಲ್ಪನೆ: ನಕಾಶೆಯ ಮೇಲೆ ಎಳೆದ ನೇರ ಗೆರೆಯೇ ಹತ್ತಿರದ ದಾರಿ.

ವಾಸ್ತವ: ಭೂಮಿ ದುಂಡಗಿದೆ, ನಕಾಶೆ ಚಪ್ಪಟೆ. ಶಾಲೆಯ ಭೂಗೋಳದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಅಂತರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಧ್ರುವದ ಮೇಲಿನಿಂದಲೇ ಬೆಂಗಳೂರಿಗೆ ಬಂದಿಳಿಯಿತು. ನೆನೆದರೆ ಇಂದಿಗೂ ಹೆಮ್ಮೆಯೆನಿಸುವ ಹಾರಾಟ ಅದು.

ತಪ್ಪು ಕಲ್ಪನೆ: ದೂರ ಕಡಿಮೆಯಾದರೆ ಹೊತ್ತೂ ಕಡಿಮೆ, ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಸಾಕು.

ವಾಸ್ತವ: ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಈ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ. ಘಟಪ್ರಭೆಯಲ್ಲಿ ಸೆಳವಿನ ಜೊತೆ ಈಜುವುದಕ್ಕೂ ಸೆಳವಿಗೆ ಎದುರಾಗಿ ಈಜುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಬೆಳೆದು 15,300 ಕಿ.ಮೀ. ಆಯಿತು. ಆದರೂ ಬೆನ್ನಿಗೆ ಗಾಳಿ ಸಿಕ್ಕಿ ಹದಿನಾಲ್ಕೂವರೆ ತಾಸಿನಲ್ಲಿ, ಹಳೆಯ ದಾರಿಗಿಂತ ಬೇಗ, ಮುಟ್ಟಿತು!

ಹೋಗುವ, ಬರುವ ಹೊತ್ತಿನ ಈ ವ್ಯತ್ಯಾಸಕ್ಕೆ ಭೂಮಿಯ ತಿರುಗುವಿಕೆಯನ್ನು ಕಾರಣ ಹೇಳುವವರಿದ್ದಾರೆ. ನಮ್ಮ ಕಾಲಡಿಯ ನೆಲ ತಾಸಿಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ಗಾಳಿಯೂ ಅದರ ಜೊತೆಗೇ ತಿರುಗುತ್ತದೆ, ವಿಮಾನ ಹಾರುವುದು ಆ ಗಾಳಿಯಲ್ಲೇ. ಹಾಗಾಗಿ ಪಶ್ಚಿಮಕ್ಕೆ ಹೊರಟರೆ ಊರು ತಾನಾಗಿ ಎದುರು ಬರುವುದಿಲ್ಲ.

ತಪ್ಪು ಕಲ್ಪನೆ: ಇಳಿಯುವ ಹೊತ್ತಿನಲ್ಲಿ ಹೊರಡುವ ಹೊತ್ತನ್ನು ಕಳೆದರೆ ಪ್ರಯಾಣದ ಅವಧಿ.

ವಾಸ್ತವ: ಟಿಕೆಟ್ ತೋರಿಸುವುದು ಆಯಾ ಊರಿನ ಗಡಿಯಾರ. ಮೇಲೆ ಹೇಳಿದ ಮಹಿಳಾ ತಂಡ ಹೊರಟಿದ್ದು ಅಲ್ಲಿನ ಜನವರಿ 9ರ ರಾತ್ರಿ, ಇಳಿದಿದ್ದು ಇಲ್ಲಿನ 11ರ ನಸುಕಿನಲ್ಲಿ. ಬರೀ ಗಡಿಯಾರ ಕಳೆದರೆ ಮೂವತ್ತು ತಾಸಿಗೂ ಹೆಚ್ಚು. ಹಾರಿದ್ದು ಸುಮಾರು 17 ತಾಸು. ಸ್ಯಾನ್ ಫ್ರಾನ್ಸಿಸ್ಕೊ ಇರುವ ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರ ಮುಂದಕ್ಕೆ ತಿರುಗಿಸಿದ ಮೇಲೆ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ನವೆಂಬರ್‌ನ ಮೊದಲ ಭಾನುವಾರದವರೆಗೆ ಫೋನಿಗೆ ಕಾಯುವವರು ಈ ಲೆಕ್ಕವನ್ನೇ ಹಿಡಿಯಬೇಕು.