ಟಂಗ್‌ಸ್ಟನ್ ಗುರಿಯ ಟ್ಯಾಂಟಲಮ್ ಹೊದಿಕೆ

ಟ್ಯಾಂಟಲಮ್ ಹೊದಿಕೆಯು ನ್ಯೂಟ್ರಾನ್ ಆಕರಗಳಲ್ಲಿನ ಟಂಗ್‌ಸ್ಟನ್ ಗುರಿಯನ್ನು ತಂಪುಗೊಳಿಸುವ ನೀರಿನಿಂದ ರಕ್ಷಿಸುವ ಲೋಹದ ಪದರವಾಗಿದೆ. ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದ ಐಸಿಸ್ ಆಕರದಲ್ಲಿ 800 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನುಗಳು ಟಂಗ್‌ಸ್ಟನ್‌ಗೆ ಬಡಿದು, ಅದರ ನ್ಯೂಕ್ಲಿಯಸ್‌ಗಳಿಂದ ನ್ಯೂಟ್ರಾನುಗಳನ್ನು ಹೊರಚಿಮ್ಮಿಸುತ್ತವೆ. ಆಗ ಹುಟ್ಟುವ ಶಾಖವನ್ನು ನೀರು ಹರಿಸಿ ತೆಗೆಯಲಾಗುತ್ತದೆ. ಆದರೆ ವಿಕಿರಣಕ್ಕೊಳಗಾದ ನೀರಿನಲ್ಲಿ ಟಂಗ್‌ಸ್ಟನ್ ಸವೆದು, ಅದರ ವಿಕಿರಣಶೀಲ ಅಂಶಗಳು ನೀರನ್ನು ಸೇರುತ್ತವೆ. ಟ್ಯಾಂಟಲಮ್ ಈ ಸವೆತವನ್ನು ಚೆನ್ನಾಗಿ ತಡೆಯುತ್ತದೆ.

ಎರಡೂ ಲೋಹಗಳನ್ನು ಅಧಿಕ ಉಷ್ಣತೆ ಹಾಗೂ ಅನಿಲದ ಒತ್ತಡದಲ್ಲಿ ಬೆಸೆಯುತ್ತಾರೆ. ತಣಿಯುವಾಗ ಟ್ಯಾಂಟಲಮ್ ಹೆಚ್ಚು ಕುಗ್ಗುವುದರಿಂದ ಹೊದಿಕೆಯಲ್ಲಿ ಎಳೆತ ಉಳಿಯುತ್ತದೆ. ಬಿರುಕು ಬಿಟ್ಟರೆ ನೀರು ಟಂಗ್‌ಸ್ಟನ್ನನ್ನು ಮುಟ್ಟುತ್ತದೆ. ಹೊದಿಕೆಯನ್ನು ದಪ್ಪವಾಗಿಸಿದರೆ ಸಾಕೆನಿಸಬಹುದು. ಆದರೆ ನ್ಯೂಟ್ರಾನುಗಳನ್ನು ಹೀರಿಕೊಂಡ ಟ್ಯಾಂಟಲಮ್, ಸುಮಾರು 115 ದಿನಗಳ ಅರ್ಧಾಯುಷ್ಯವುಳ್ಳ ಟ್ಯಾಂಟಲಮ್-182 ಆಗಿ ಮಾರ್ಪಟ್ಟು, ಪ್ರೋಟಾನ್ ಕಿರಣವನ್ನು ನಿಲ್ಲಿಸಿದ ಮೇಲೂ ಶಾಖವನ್ನು ಹೊರಸೂಸುತ್ತದೆ. ದಪ್ಪ ಹೆಚ್ಚಿದಷ್ಟೂ ಈ ಶಾಖವೂ ಹೆಚ್ಚುತ್ತದೆ.