ಮೊಳದ ಲೆಕ್ಕ, ಮದುವೆಯ ಹೂವು

ಕಲ್ಯಾಣದುರ್ಗದಲ್ಲಿ ನಡೆದ ತಂಗಿಯ ಮದುವೆಗೆ ಹಿಂದೂಪುರದಿಂದ 44 ಮೊಳ ಚೆಂಡುಹೂವಿನ ಮಾಲೆ ಒಯ್ದಿದ್ದೆವು. ಹೂವಾಡಗಿತ್ತಿಯ ಮೊಳ ಗಿಡ್ಡ. ಮಂಟಪದ ನಾಲ್ಕನೆಯ ಕಂಬ ಅರ್ಧ ಬರಿದಾಗಿಯೇ ಉಳಿಯಿತು. ಮೊಳದಲ್ಲಿ ದರ ಹೇಳುವುದನ್ನು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ 11ನೆಯ ಕಲಮು ನಿಷೇಧಿಸುತ್ತದೆ, ನಿಜ. ಆದರೆ ಮುಹೂರ್ತದ ಹೊತ್ತಿನಲ್ಲಿ ವಕೀಲನ ವಾದ ಕಂಬವನ್ನು ಮುಚ್ಚೀತೆ?

ಕಿರಿಯ ತಂಗಿಯ ಮದುವೆಗೆ ಬಿಡಿ ಹೂವನ್ನೇ ಕಿಲೋ ಲೆಕ್ಕದಲ್ಲಿ ಕೊಂಡು ಮನೆಯಲ್ಲಿ ಪೋಣಿಸಿದೆವು. ಮೊದಲು ಒಂದೇ ಕಿಲೋ ಪೋಣಿಸಿ ಅಳೆದಾಗ 12 ಅಡಿ ಬಂದಿತು. 8 ಅಡಿಯ ಕಂಬಕ್ಕೆ ಬರಿಯ ದಾರ ಸುತ್ತಿ ನೋಡಿದರೆ 16 ಅಡಿ. ನಾಲ್ಕಕ್ಕೆ 64, ಬಾಗಿಲಿಗೆ 20. ಒಟ್ಟು 84 ಅಡಿಗೆ 7 ಕಿಲೋ, ಜಜ್ಜಿಹೋಗುವುದಕ್ಕೆಂದು ಮತ್ತೊಂದು. ದರವನ್ನು ಮಾತ್ರ ಮುಹೂರ್ತದ ಮುನ್ನಾದಿನದ್ದೆಂದೇ ಹಿಡಿಯಬೇಕು. ಆಷಾಢದ ದರ ನಂಬಿದವನು ಕೆಟ್ಟ. ಮಿಕ್ಕ ಒಂದು ಮಾರನ್ನು ದಿಬ್ಬಣದ ವ್ಯಾನಿಗೆ ಕಟ್ಟಿದೆವು.