ಕಾಳುಮೆಣಸಿಗೊಂದು ಪುಟ್ಟ ಗಿರಣಿ

ಪೆಪ್ಪರ್ ಗ್ರೈಂಡರ್ ಎಂದ ಕೂಡಲೇ ದೋಸೆಹಿಟ್ಟು ರುಬ್ಬುವ ಗ್ರೈಂಡರನ್ನು ನೆನೆಸಿಕೊಳ್ಳಬೇಡಿ. ಇದು ಅಂಗೈಯಲ್ಲಿ ಹಿಡಿಯುವಂಥದ್ದು. ದೊಡ್ಡ ಹೋಟೆಲುಗಳಲ್ಲಿ ಸೂಪ್ ತಂದಿಟ್ಟ ಮೇಲೆ ಉದ್ದನೆಯ ಮರದ ಸಾಧನವೊಂದನ್ನು ತಿರುಗಿಸಿ ಮೆಣಸು ಉದುರಿಸುತ್ತಾರಲ್ಲ, ಅದರ ತಮ್ಮ. ಪೆಪ್ಪರ್ ಮಿಲ್ ಅಂತಲೂ ಕರೆಯುತ್ತಾರೆ. ಈಗ ಇದು ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ಗೃಹಪ್ರವೇಶದ ಉಡುಗೊರೆಯಾಗಿಯೂ ಮನೆಗೆ ಬರುತ್ತದೆ. ಬಂದದ್ದು ನೇರ ಷೋಕೇಸ್ ಸೇರುತ್ತದೆ. 'ಡಬ್ಬಿಯಲ್ಲಿ ಕಾಳುಮೆಣಸಿನ ಪುಡಿ ಇರುವಾಗ ಇದ್ಯಾಕೆ?' ಎನ್ನುವುದು ನಮ್ಮಲ್ಲಿ ಅನೇಕರ ಪ್ರಶ್ನೆ.

ಆ ಡಬ್ಬಿಯನ್ನೇ ಒಮ್ಮೆ ತೆಗೆದು ಮೂಸಿ ನೋಡಿ. ಆಮೇಲೆ ನಾಲ್ಕು ಕಾಳು ಜಜ್ಜಿ ಮೂಸಿ. ನಿಮ್ಮ ಮೂಗೇ ಉತ್ತರ ಹೇಳುತ್ತದೆ. ಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಎಂಬ ಅಂಶ. ಘಮಕ್ಕೆ ಕಾರಣ ಕಾಳಿನೊಳಗಿನ ಸುಗಂಧ ತೈಲ. ಕಾಳು ಇಡಿಯಾಗಿರುವಷ್ಟು ದಿನ ಈ ತೈಲ ಒಳಗೆ ಭದ್ರವಾಗಿರುತ್ತದೆ. ಪುಡಿ ಮಾಡಿದ ಕ್ಷಣದಿಂದ ಗಾಳಿಗೆ ಹಾರಲು ಶುರು. ಖಾರ ಮಾತ್ರ ಅಷ್ಟು ಬೇಗ ಹೋಗುವುದಿಲ್ಲ. ಅದಕ್ಕೇ ಹಳೆಯ ಪುಡಿ ಹಾಕಿದ ಸಾರು ಗಂಟಲು ಸುಡುತ್ತದೆ, ಮೂಗಿಗೆ ಏನೂ ತಲುಪುವುದಿಲ್ಲ. ಘಮ ಸಾಲದು ಅಂತ ನಾವು ಇನ್ನೊಂದು ಚಮಚ ಸುರಿಯುತ್ತೇವೆ! ಕಾಳುಮೆಣಸಿನ ಬೆಲೆ ನಿಮಗೆ ಗೊತ್ತೇ ಇದೆ. ದುಡ್ಡು ಕೊಟ್ಟದ್ದು ಘಮಕ್ಕೂ ಸೇರಿಸಿ, ದಕ್ಕಿದ್ದು ಬರೀ ಉರಿ.

ಹಾಗಂತ ನಾಳೆಯೇ ಓಡಿ ಮಿಲ್ ತರಬೇಕೆಂದಿಲ್ಲ. ನಿಮ್ಮ ಮನೆಯಲ್ಲಿ ಮೆಣಸು ಹೆಚ್ಚಾಗಿ ಎಲ್ಲಿಗೆ ಹೋಗುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ಮೆಣಸಿನ ಸಾರು, ಖಾರ ಪೊಂಗಲ್, ನೆಗಡಿಯ ಕಷಾಯ, ಇಷ್ಟಕ್ಕೇ ಆದರೆ ಕುಟ್ಟಾಣಿಯನ್ನು ಮೀರಿಸಿದ್ದು ಇಲ್ಲ. ಜೀರಿಗೆ, ಬೆಳ್ಳುಳ್ಳಿ ಜತೆಗೇ ನಾಲ್ಕು ಏಟು ಹಾಕಿದರೆ ತರಿತರಿಯಾಗಿ ಸಿದ್ಧ. ಮಿಲ್‌ಗೆ ಬೆಳ್ಳುಳ್ಳಿ ಹಾಕಲಾದೀತೇ? ಕೊಡಗಿನ ಪಂದಿ ಕರಿಗೆ ಬೇಕಾದಂತೆ ಹಿಡಿಗಟ್ಟಲೆ ಮಸಾಲೆ ಹುರಿದು ಪುಡಿ ಮಾಡುವುದಿದ್ದರೆ ಮಿಕ್ಸಿಯೇ ಸರಿ. ಆದರೆ ಅದೇ ಮಿಕ್ಸಿಗೆ ಒಂದು ಚಮಚ ಮೆಣಸು ಹಾಕಿ ನೋಡಿ, ಬ್ಲೇಡಿಗೆ ಸಿಗದೆ ಕಾಳೆಲ್ಲ ಜಾರ್ ತುಂಬ ಕುಣಿಯುತ್ತದೆ.

ಮಿಲ್ ಬೇಕಾಗುವುದು ಕೊನೇ ಗಳಿಗೆಗೆ. ಆಮ್ಲೆಟ್ ಮೇಲೆ, ಸೂಪಿಗೆ, ಕೋಸಂಬರಿಗೆ, ಸೌತೆಕಾಯಿ ಹೋಳಿಗೆ, ಮಜ್ಜಿಗೆಗೆ, ಮಗು ಕೇಳುವ ಬೆಣ್ಣೆ ಹಚ್ಚಿದ ಜೋಳಕ್ಕೆ. ಬಿಸಿ ಮೊಸರನ್ನಕ್ಕೂ ಎರಡು ಸುತ್ತು ಹಾಕಿ ನೋಡಿ, ಆಮೇಲೆ ಬಿಡುವುದಿಲ್ಲ.

ಕೊಳ್ಳುವಾಗ ನಾವು ಮೇಲಿನ ಅಂದ ನೋಡುತ್ತೇವೆ. ನೋಡಬೇಕಾದ್ದು ತಳ. ಬಗ್ಗಿಸಿ, ಅರೆಯುವ ಹಲ್ಲು ಯಾವುದರದ್ದು ಅಂತ ಗಮನಿಸಿ. ಸ್ಟೀಲ್ ಹಲ್ಲು ಹರಿತ, ಕಾಳನ್ನು ಚೆನ್ನಾಗಿ ಸೀಳುತ್ತದೆ. ಉಪ್ಪು ಹಾಕಿದರೆ ಮಾತ್ರ ತುಕ್ಕಿಗೆ ಆಹ್ವಾನ. ಸೆರಾಮಿಕ್ ಆದರೆ ತುಕ್ಕಿನ ಭಯವಿಲ್ಲ, ವಾಸನೆಯೂ ಹಿಡಿಯುವುದಿಲ್ಲ. ಕೈಜಾರಿ ಬಿದ್ದರೆ ಒಡೆದೀತು. ದಿನದ ಬಳಕೆಗೆ ಎರಡೂ ಅಡ್ಡಿಯಿಲ್ಲ. ಮೆಣಸು ತುಂಬಿಸಿಯೇ ಮಾರುವ, ಮುಚ್ಚಳದಲ್ಲೇ ಪ್ಲಾಸ್ಟಿಕ್ ಹಲ್ಲಿರುವ ಬಾಟಲಿಗಳ ಬಗ್ಗೆ ನನಗೆ ಒಲವಿಲ್ಲ. ಗಟ್ಟಿ ಕಾಳು ಅರೆದೂ ಅರೆದೂ ಆ ಹಲ್ಲು ಸವೆಯುತ್ತದೆ. ಸವೆದ ಪ್ಲಾಸ್ಟಿಕ್ ಎಲ್ಲಿಗೆ ಹೋಯಿತು, ನೀವೇ ಹೇಳಿ.

ಅಂದಹಾಗೆ, ಕಾರು ತಯಾರಿಸುವ ಫ್ರಾನ್ಸಿನ ಪ್ಯೂಜೋ ಹೆಸರು ಕೇಳಿದ್ದೀರಲ್ಲ? ಕಾರಿಗಿಂತ ಮೊದಲೇ ಅವರು ಮೆಣಸಿನ ಮಿಲ್ ಮಾಡುತ್ತಿದ್ದರು, 1874ರಿಂದ. ಅವರ ಸ್ಟೀಲ್ ಹಲ್ಲು ಮೊದಲು ಕಾಳನ್ನು ಒಡೆಯುತ್ತದೆ, ಆಮೇಲೆ ಅರೆಯುತ್ತದೆ. ಆ ಹೆಸರಿನದ್ದೇ ಬೇಕೆಂದು ದುಬಾರಿ ಬೆಲೆ ತೆರಬೇಕಿಲ್ಲ. ಯಾವುದೇ ಮಿಲ್ ಆಗಲಿ, ತರಿ ಬೇಕೋ ನುಣ್ಣಗೆ ಬೇಕೋ ಎಂದು ಹೊಂದಿಸುವ ತಿರುಪು ಇದೆಯೇ ನೋಡಿ. ಅದಿಲ್ಲದ್ದನ್ನು ತರಲೇಬೇಡಿ. ಸಾಮಾನ್ಯವಾಗಿ ಬಿಗಿ ಮಾಡಿದರೆ ನುಣುಪು, ಸಡಿಲಿಸಿದರೆ ತರಿ. ಕಾಳು ತುಂಬುವ ಬಾಯಿ ಅಗಲವಿರಲಿ, ಇಲ್ಲದಿದ್ದರೆ ತುಂಬುವಾಗ ಅರ್ಧ ಕಾಳು ಸ್ಟವ್ ಕೆಳಗೆ. ತೀರಾ ಪುಟ್ಟ ಮಿಲ್‌ನಲ್ಲಿ ದಪ್ಪ ಜಾತಿಯ ಕಾಳು ಸಿಕ್ಕಿಕೊಳ್ಳುವುದೂ ಉಂಟು.

ಇನ್ನು ಕೈಯ ವಿಚಾರ. ಇದನ್ನು ಅಂಗಡಿಯವರು ಹೇಳುವುದಿಲ್ಲ. ನಮ್ಮ ಅತ್ತೆಗೆ ಬಿ.ಪಿ. ಇದೆ, ಡಾಕ್ಟರು ಉಪ್ಪು ಕಡಿಮೆ ಮಾಡಿಸಿದರು. ಸಪ್ಪೆ ಪಲ್ಯ, ಸಪ್ಪೆ ಸಾರು. 'ಇದನ್ನು ತಿನ್ನೋದಕ್ಕಿಂತ ಉಪವಾಸ ವಾಸಿ ಕಣೇ' ಎನ್ನುತ್ತಾ ಅರ್ಧಕ್ಕೇ ತಟ್ಟೆ ಸರಿಸಿಬಿಡುತ್ತಿದ್ದರು. ಮೈ ಇಳಿಯತೊಡಗಿತ್ತು. ತಟ್ಟೆಗೆ ಬಡಿಸಿದ ಮೇಲೆ ತಾಜಾ ಮೆಣಸು ಉದುರಿಸಿ, ಎರಡು ಹನಿ ನಿಂಬೆರಸ ಹಿಂಡಿಕೊಟ್ಟಾಗ ಮೊದಲ ಸಲ ಪಲ್ಯ ಖಾಲಿಯಾಯಿತು. ಮೆಣಸು ಉಪ್ಪಿನ ಜಾಗ ತುಂಬುವುದಿಲ್ಲ ನಿಜ, ಆದರೆ ನಾಲಿಗೆಗೆ ಬೇರೆ ಕೆಲಸ ಕೊಡುತ್ತದೆ. ಪ್ರತಿ ಊಟಕ್ಕೂ ಸೊಸೆಯನ್ನು ಕರೆಯಲು ಅವರಿಗೆ ಸಂಕೋಚ. ತಾವೇ ತಿರುಗಿಸೋಣವೆಂದರೆ ಬೆರಳ ಗಂಟುಗಳಲ್ಲಿ ನೋವು, ತಲೆ ಹಿಡಿದು ತಿರುವುವ ಮಿಲ್ ಅವರ ಕೈಗೆ ಬಗ್ಗಲಿಲ್ಲ. ಎರಡು ಕಿವಿಗಳನ್ನು ಅದುಮುವ ಬಗೆಯದ್ದಕ್ಕೂ ಬೆರಳಲ್ಲಿ ಬಲ ಬೇಕು. ಹೀಗಾಗಿ ಸೆಲ್ ಹಾಕುವ, ಬಗ್ಗಿಸಿದರೆ ತಾನೇ ತಿರುಗುವ ಮಿಲ್ ತಂದೆವು. ಈಗ ಊಟಕ್ಕೆ ಕೂತರೆ ಅವರ ಕೈ ಮೊದಲು ಹೋಗುವುದು ಅದಕ್ಕೇ. ಮಧ್ಯಾಹ್ನ ಬರುವ ಗೆಳತಿಯರ ಮಜ್ಜಿಗೆಗೂ ಅವರದೇ ಸೇವೆ!

ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಕೈಗೇ ಕೊಟ್ಟು ತಿರುಗಿಸಿ ನೋಡಲು ಹೇಳಿ, ಆಮೇಲೆ ದುಡ್ಡು ಕೊಡಿ. ಸೆಲ್ ಬೇಡವೆಂದರೆ ಮೇಲೆ ಹಿಡಿಕೆ ಇರುವ, ಕಾಫಿ ಬೀಜ ಅರೆಯುವ ಹಳೆಯ ಗಿರಣಿಯಂಥದ್ದು ಮಣಿಕಟ್ಟಿಗೆ ಹಗುರ. ಹಾಂ, ಹೊಟ್ಟೆಹುಣ್ಣು, ಎದೆಯುರಿ ಇರುವವರು ಮೆಣಸನ್ನು ಮಿತಿಯಲ್ಲಿಡುವುದು ಒಳ್ಳೆಯದು. ಊರಿಗೆ ಹೋಗುವಾಗ ಮಿಲ್‌ನ ಸೆಲ್ ತೆಗೆದಿಡಿ, ಸೋರಿದರೆ ಯಂತ್ರವೇ ಕೆಡುತ್ತದೆ.

ಬಳಸುವಾಗ ಒಂದೇ ಒಂದು ಶತ್ರು: ತೇವ. ಕುದಿಯುವ ಪಾತ್ರೆಯ ಮೇಲೆ ಹಿಡಿದು ತಿರುಗಿಸುತ್ತೇವಲ್ಲ, ಅಲ್ಲೇ ತೊಂದರೆ. ಹಬೆ ಹಲ್ಲಿನೊಳಗೆ ಹೋಗಿ, ಪುಡಿ ಹಿಟ್ಟಿನಂತೆ ಅಂಟಿ, ಕೊನೆಗೆ ತಿರುಗುವುದೇ ನಿಲ್ಲುತ್ತದೆ. ಮಳೆಗಾಲದಲ್ಲಿ ಬೂಷ್ಟೂ ಬಂದೀತು. ಪುಟ್ಟ ತಟ್ಟೆಗೆ ಉದುರಿಸಿಕೊಂಡು ಪಾತ್ರೆಗೆ ಹಾಕಿ. ಮಿಲ್ ಅನ್ನು ನೀರಲ್ಲಿ ತೊಳೆಯಬೇಡಿ, ಮರದ್ದಂತೂ ಬೇಡವೇ ಬೇಡ. ಒಣ ಬ್ರಷ್ಷಿನಿಂದ ತಳ ಉಜ್ಜಿ, ಅರ್ಧ ಚಮಚ ಒಣ ಅಕ್ಕಿನುಚ್ಚು ಹಾಕಿ ತಿರುಗಿಸಿದರೆ ಅಂಟಿದ್ದೆಲ್ಲ ಕಿತ್ತು ಬರುತ್ತದೆ. ಆ ನುಚ್ಚನ್ನು ಚೆಲ್ಲಬೇಡಿ, ಪೊಂಗಲ್‌ಗೆ ಸೇರಿಸಿ. ಹದಿನೈದು ದಿನಕ್ಕೆ ಆಗುವಷ್ಟು ಕಾಳು ತುಂಬಿದರೆ ಸಾಕು. ಮಿಕ್ಕದ್ದು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇರಲಿ.

ಕಾಳು ಚೆನ್ನಾಗಿಲ್ಲದಿದ್ದರೆ ಎಂಥ ಮಿಲ್ ಇದ್ದೇನು? ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ, ಶಿವಮೊಗ್ಗ, ಉತ್ತರ ಕನ್ನಡದ ತೋಟಗಳಲ್ಲಿ ಅಡಿಕೆ ಮರಗಳಿಗೆ ಬಳ್ಳಿ ಹಬ್ಬಿಸಿ ಬೆಳೆಯುವ ಮೆಣಸು ನಮ್ಮಲ್ಲೇ ಧಾರಾಳ. ಆ ಕಡೆ ನೆಂಟರಿದ್ದರೆ ಕುಯಿಲು ಮುಗಿದು ಒಣಗಿದ ಮೇಲೆ ವರ್ಷಕ್ಕಾಗುವಷ್ಟು ತರಿಸಿಕೊಳ್ಳಿ. ಹಲ್ಲಿನಲ್ಲಿ ಕಚ್ಚಿದರೆ ಪಟಕ್ಕನೆ ಒಡೆಯಬೇಕು. ಮೆತ್ತಗಿದ್ದರೆ ಇನ್ನೆರಡು ಬಿಸಿಲು ತೋರಿಸಿ, ಇಲ್ಲದಿದ್ದರೆ ಮಿಲ್ ಕಚ್ಚಿಕೊಳ್ಳುತ್ತದೆ. ಅಂಗಡಿಯ ಮೆಣಸಿನಲ್ಲಿ ಒಣಗಿದ ಪರಂಗಿ ಬೀಜ ಬೆರೆಸುವುದುಂಟು. ಒಂದು ಹಿಡಿಯನ್ನು ನೀರಿಗೆ ಹಾಕಿ: ಒಳ್ಳೆಯ ಕಾಳು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ. ಜೊಳ್ಳು ಕಾಳೂ ತೇಲುವುದರಿಂದ ತೇಲಿದ್ದನ್ನು ಬೆರಳಲ್ಲಿ ಹಿಡಿದು ನೋಡಿ. ಪರಂಗಿ ಬೀಜ ಮೊಟ್ಟೆಯಾಕಾರ, ಬಣ್ಣದಲ್ಲಿ ಹಸಿರು ಮಿಶ್ರಿತ ಕಂದು. ಪುಡಿ ಕೊಂಡರೆ ಈ ಪರೀಕ್ಷೆಗೆ ಅವಕಾಶವೇ ಇಲ್ಲ.

ಹೊಸ ಮಿಲ್ ಬಂದ ದಿನ ಒಂದು ಕೆಲಸ ಮಾಡಿ. ಒಂದು ಕಾಗದದ ಮೇಲೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕಾಲು ಚಮಚ ಆಗುತ್ತದೆಂದು ಎಣಿಸಿ. ಒಂದೊಂದು ಮಿಲ್‌ಗೆ ಒಂದೊಂದು ಲೆಕ್ಕ. ಆ ಸಂಖ್ಯೆಯನ್ನು ಅದರ ತಳಕ್ಕೇ ಅಂಟಿಸಿಬಿಟ್ಟರೆ, ನೀವಿಲ್ಲದ ದಿನ ಮನೆಯವರು ಆಮ್ಲೆಟ್ ಮಾಡಿಕೊಂಡರೂ ಖಾರ ಹದ ತಪ್ಪುವುದಿಲ್ಲ.